ನಿಂತಲ್ಲೇ ಇಪ್ಪತ್ತು

ಆಕ್ಸಿಲರೇಟರಿನಿಂದ ಕಾಲು ತೆಗೆ, ಮೊಸೆಲೆ.
ಕೂಗಿಸಿದರೆ ಕದಲುವುದಾಗಿದ್ದರೆ
ಲೆಸೊಥೊದ ಕತ್ತೆಗಳೆಲ್ಲ ಇಷ್ಟು ಹೊತ್ತಿಗೆ ಡರ್ಬನ್ ಸೇರುತ್ತಿದ್ದವು.
ಗಾಜು ಏರಿಸು, ಗಾಳಿಗೆ ನಿನ್ನ ಮಾತು ಹರಿದು ಬರುತ್ತಿದೆ.
ಬ್ಯಾಟರಿ ಎಷ್ಟಿದೆ ಫೋನಿನಲ್ಲಿ? ಹದಿನಾಲ್ಕೇ?
ಸಾಕು.

ಕ್ಲಚ್ ಒತ್ತಿ ಒಂದನೇ ಗೇರಿಗೆ ಹಾಕು.
ಬಿಡು, ಮೆಲ್ಲಗೆ.
ಎಂಜಿನ್ನಿಗೆ ಉಸಿರು ಕಟ್ಟಿತೇ? ಇಲ್ಲ ಅನ್ನುತ್ತೀ.
ಸುಟ್ಟ ವಾಸನೆ? ಮೂಸಿ ನೋಡು.
ಕುರಿಯುಣ್ಣೆ, ಡೀಸೆಲ್, ಹುಡುಗ ತಿಂದ ಕಿತ್ತಳೆಯ ಸಿಪ್ಪೆ,
ಅಷ್ಟೇ ಅಂದರೆ ಕ್ಲಚ್ಚಿನ ಮೇಲೆ ನನಗೆ ಅನುಮಾನವಿಲ್ಲ.
ಚಿಕ್ಕ ಲಿವರ್ ಎಲ್ಲಿದೆ? ನಾಲ್ಕು ಚಕ್ರದಲ್ಲೇ?
“ಯಾವಾಗಲೂ ನಾಲ್ಕರಲ್ಲೇ ಇಡು ತಾಯಿ, ಬೆಟ್ಟದ ದಾರಿ”
ಅಂತ ಬೂಥಾ ಬೂಥೆಯಲ್ಲಿ ಮಾರಿದವನೇ ಹೇಳಿಕೊಟ್ಟನೇ?
ಒಳ್ಳೆಯ ಮನುಷ್ಯ ಅಂದುಕೊಂಡೆಯಾ.
ಹೂಂ.

ಮೂರನೇ ಗೇರಿಗೆ ಹಾಕಿ ವೇಗದ ಮುಳ್ಳು ನೋಡು.
ಇಪ್ಪತ್ತೇ?
ನಗಬೇಡ, ಅದು ಸುಳ್ಳು ಹೇಳುತ್ತಿಲ್ಲ.
ಗಾಡಿಯ ಹೊಟ್ಟೆಯೊಳಗೆ ಯಾರೋ
ಗಂಟೆಗೆ ಇಪ್ಪತ್ತು ಕಿಲೋಮೀಟರ್ ನಡೆಯುತ್ತಿದ್ದಾರೆ,
ಹೊಸಿಲು ದಾಟಿಲ್ಲ, ಅಷ್ಟೆ.
ಗೇರ್‌ಬಾಕ್ಸ್ ಬದುಕಿದೆ. ನಿನಗೆ ಎಂಟು ಕುರಿ ಉಳಿದವು.

ನಾಲ್ಕು ಚಕ್ರಕ್ಕೂ ಕಲ್ಲು ಕೊಡು, ಹಿಂದೆ ಮುಂದೆ.
ಪಿಟ್ಸೊನನ್ನು ಇಳಿಸು. ಅಡಿಗೆ ನುಸುಳಕೂಡದು,
ಕಂಬಳಿ ಬಿಚ್ಚಿಟ್ಟು ದೂರದಿಂದ ಬಗ್ಗಿ ನೋಡಲಿ.
ಹಿಂದಕ್ಕೆ ಹೋಗುವ ಉದ್ದನೆಯ ದಂಡ ತಿರುಗುತ್ತಿದೆಯೇ?
ಮುಂದಿನದು? ಅದೂ?
ಮದುವೆಮನೆಯಲ್ಲಿ ಎಲ್ಲರೂ ಓಡಾಡುತ್ತಿದ್ದಾರೆ,
ಎಲೆಗೆ ಮಾತ್ರ ಏನೂ ಬೀಳುತ್ತಿಲ್ಲ.

ಹಿಂದೆ, ಎಡಗಡೆ, ಟಕ್ ಟಕ್ ಅಂತ
ಹಲ್ಲಿಲ್ಲದ ಮುದುಕಿ ಹುರಿದ ಜೋಳ ಅಗಿದ ಹಾಗೆ
ಕೇಳುತ್ತಿದೆಯಂತೇ?

ಮೊಸೆಲೆ, ಒಂದು ಮಾತು.
ನಿನ್ನ ಕಡೆಯ ಬಾಗಿಲ ಹಿಡಿಕೆಗೆ
ತಾಮ್ರದ ತಂತಿ ಬಿಗಿದಿದೆಯೇ? ಏಳು ಸುತ್ತು?

ಎಣಿಸುತ್ತಿದ್ದಾಳೆ. ಗಾಳಿ. ಗಾಳಿಯ ಹಿಂದೆ ಎಲ್ಲೋ ಒಂದು ಗಂಟೆ.
ಏಳು, ಅನ್ನುತ್ತಾಳೆ, ನಿನಗೆ ಹೇಗೆ ಗೊತ್ತು?

ಸುಮ್ಮನೆ ಕೇಳಿದೆ.
ಹಿಂದಿನ ಆಕ್ಸಲ್ ಒಳಗೆ ತುಂಡಾಗಿದೆ.
ಇವತ್ತಲ್ಲ, ಎರಡು ಚಳಿಗಾಲದ ಕೆಳಗೆ.
ಅಂದಿನಿಂದ ಈ ಗಾಡಿ ಮುಂಗಾಲಲ್ಲೇ ತೆವಳಿಕೊಂಡು ಬಂದಿದೆ.
ಬಲಕ್ಕೆ ಮಾನವಿಲ್ಲ, ತಂಗಿ:
ಎರಡು ದಾರಿ ಕೊಟ್ಟರೆ, ಯಾವ ಕಡೆ ಭಾರವಿಲ್ಲವೋ
ಆ ಕಡೆಗೇ ಓಡಿ
ಗಿರಗಿರ ಸುತ್ತುತ್ತ ನಿಲ್ಲುತ್ತದೆ.

ಮುಂದಿನ ಚಕ್ರದ ನಡುವೆ ಒಂದು ಬಿಲ್ಲೆಯಿದೆ, ಕೈಯಲ್ಲಿ ತಿರುಗಿಸುವಂಥದು.
ಬಾಣ ಯಾವ ಅಕ್ಷರದ ಮೇಲಿದೆ, ಪಿಟ್ಸೊ ಓದಲಿ.
ಬಲಗಡೆ, ಲಾಕ್.
ಎಡಗಡೆ...
ಯಾಕೆ ಸುಮ್ಮನಾದ?

ಫ್ರೀ.

ಬೆಳಿಗ್ಗೆ ತೊರೆಯ ಹತ್ತಿರ ಕೆಸರು ತೊಳೆಯುವಾಗ ತಿರುಗಿಸಿದನಂತೆ.
ಬೈಯಬೇಡ ಅವನನ್ನು. ಒಂಬತ್ತು ವರ್ಷ.
ಹೋದ ವಾರ ತಾನೇ ಶಾಲೆಯಂಗಳದಲ್ಲಿ ಕಾಗದದ ಬಾವುಟ ಹಿಡಿದು
ಆ ಮಾತಿಗೆ ಚಪ್ಪಾಳೆ ತಟ್ಟಿ ಬಂದವನು.
ಎರಡೇ ಮಾತು ಬರೆದಿಟ್ಟು ಆರಿಸಿಕೋ ಅಂದರೆ
ಇನ್ನೇನು ಮಾಡಿಯಾನು?

ಎಂಜಿನ್ ನಿಲ್ಲಿಸು.
ಅವನ ಕೈಯಲ್ಲೇ ತಿರುಗಿಸು, ಕಿಟಕ್ ಅನ್ನುವ ತನಕ.
ಕಲ್ಲು ತೆಗೆ. ಹತ್ತಿಸಿಕೋ. ಒಂದನೇ ಗೇರು.

ಹೊರಟಿತು! ಕೂಗಿದ್ದು ಪಿಟ್ಸೊ.
ಅವನ ತಾಯಿ ಏನೂ ಅನ್ನಲಿಲ್ಲ, ಬರೀ ಉಸಿರು.

ಮೊಖೊಟ್ಲಾಂಗಿಗೆ ಬಾ, ನೇರ ನನ್ನ ಶೆಡ್ಡಿಗೆ.
ತಿರುವಿನಲ್ಲಿ ಅವಸರ ಬೇಡ.
ಆಕ್ಸಲ್ ನಾನು ಹುಡುಕಿ ಹಾಕುತ್ತೇನೆ.
ದುಡ್ಡು ಬೇಡ.

ಯಾಕೆ, ಅನ್ನುತ್ತಾಳೆ.

“ಆಕ್ಸಲ್ ಸಿಕ್ಕುವುದಿಲ್ಲ, ಹುಡುಕುವವರಾರು,
ಮುಂದಿನವನ್ನು ಲಾಕ್ ಮಾಡಿ ನಾಲ್ಕರಲ್ಲೇ ಓಡಿಸು,
ಬೇಸರವಾದಾಗ ಮಾರಿಬಿಡು, ಯಾರಿಗೂ ತಿಳಿಯದು”
ಎಂದು ಅವನಿಗೆ ಹೇಳುತ್ತ
ಹಿಡಿಕೆಗೆ ಪುಕ್ಕಟೆಯಾಗಿ ಏಳು ಸುತ್ತು ತಂತಿ ಬಿಗಿದ ಬೆರಳುಗಳಲ್ಲಿ
ಫೋನ್ ಹಿಡಿದು,
ಅತ್ತ ಅವಳ ಬ್ಯಾಟರಿ ಮುಗಿಯಲಿ ಎಂದು
ಕಾಯುತ್ತಿದ್ದೇನೆ.