ತಕರಾರು

ಮಸ್ಕತ್ತಿನಲ್ಲಿ ವಿಮಾನ ಇಳಿದು
ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದ ಮೊದಲ ಹಲಗೆ:
ವುಸೂಲ್.
ಹದಿನಾರು ವರ್ಷ ಗುಳೇದಗುಡ್ಡದ ಪತ್ತಿನ ಸಂಘದಲ್ಲಿ
ವಸೂಲಿ ಪುಸ್ತಕ ಬರೆದ ಕೈ ಇದು,
ಎದೆ ಝಲ್ಲೆಂದಿತು: ಕಾಲಿಟ್ಟ ಕೂಡಲೇ ಯಾರ ಸಾಲ?
ಅದು ಬರೀ ಆಗಮನವಂತೆ.
ಬಂದು ತಲುಪುವುದು, ಅಷ್ಟೇ.

ನಿಜ್ವಾದಲ್ಲಿ ಈಗ ಏಳನೆಯ ತಿಂಗಳು.
ಗೋಡೆಯ ಬುಡದಲ್ಲಿ ಫಲಜಿನ ನೀರು
ಖರ್ಜೂರದ ತೋಟಕ್ಕೆ ಹೊರಟ ಹೊತ್ತಿಗೇ
ನಾನೂ ತರಗತಿಗೆ ಹೊರಡುತ್ತೇನೆ, ಅದರ ಪಕ್ಕದಲ್ಲೇ,
ನಲವತ್ತೊಂದರ ಬೆನ್ನಿಗೆ ಶಾಲೆಯ ಚೀಲ.
ಓಣಿಯಲ್ಲಿ ಯಾರೂ ಇಲ್ಲದಿದ್ದರೆ
ಚಪ್ಪಲಿ ಕೈಗೆ ಬರುತ್ತವೆ,
ಹತ್ತು ಹೆಜ್ಜೆ ನೀರಿನೊಳಗೆ.

ಉಸ್ತಾದಾ ರಯ್ಯಾ ಮೇಜು ಕುಟ್ಟಿ 'ತಕ್ರಾರ್!' ಎಂದರೆ
ಮೊದಲ ವಾರ ಬಾಯಿ ಹೊಲಿದು ಕೂತಿದ್ದೆ,
ನನ್ನದೇನೂ ತಕರಾರಿಲ್ಲ ಮೇಡಂ ಎಂಬಂತೆ.
ಮತ್ತೊಮ್ಮೆ ಹೇಳು, ಮತ್ತೊಮ್ಮೆ ಹೇಳು ಎಂದಷ್ಟೇ ಅದು.
ನಮ್ಮ ಸಂಘದ ಮಹಾಸಭೆ ನೆನೆದರೆ
ಅರ್ಥ ಬಹಳ ದೂರ ಹೋಗಿಲ್ಲ ಬಿಡಿ.

ಜಮಾ ಎಂದರೆ ಇಲ್ಲಿ ಬಹುವಚನ.
ಕಿತಾಬ್ ಒಡೆದರೆ ಕುತುಬ್, ಬೈತ್ ಒಡೆದರೆ ಬುಯೂತ್,
ಒಡೆದಷ್ಟೂ ಹೆಚ್ಚುವ ಜಮಾ!
ಯಾವ ಆಡಿಟರ್ ಒಪ್ಪಿಯಾನು?
ನಾನಂತೂ ರಾತ್ರಿ ಅಡುಗೆಮನೆಯಲ್ಲಿ ಬೇಳೆ ಕುದಿಯುವ ತನಕ
ಸಿಕ್ಕಿದ್ದನ್ನೆಲ್ಲ ಒಡೆಯುತ್ತಿರುತ್ತೇನೆ, ಬಾಯಲ್ಲೇ.

ಐನ್ ಮಾತ್ರ ಬರಲೊಲ್ಲದು.
ಗಂಟಲಿನ ತಳದಲ್ಲಿ, ಕೊಡ ಮುಳುಗುವ ಗಳಿಗೆಯ ಸದ್ದು ಅದು.
ತಾಶ್ಕೆಂಟಿನ ದಿಲ್‌ನೋಜಾ ನಕ್ಕು ನಕ್ಕು ಬಿಕ್ಕಳಿಸಿದಳು,
ಪೋಲೆಂಡಿನ ಮಾರೆಕ್ ಎರಡು ದಿನ ಉಪ್ಪುನೀರು ಮುಕ್ಕಳಿಸಿದ
(ಪಾಪ, ಅವನ ದೇಶಕ್ಕೇ ಇಲ್ಲಿ ಪಕಾರವಿಲ್ಲ,
ಬೋಲಂದಾದವನು ಅವನು,
ಪೈಸೆಯೂ ಇಲ್ಲಿ ಬೈಸಾ).
ಒಂದು ಸಂಜೆ ಸೂಕಿನಲ್ಲಿ ಜೇನಿನ ಸೀಸೆಗೆ ಬೆರಳು ತೋರಿಸಿ
ಅಸಲ್ ಎಂದೆ.
ಬಂತು.
ಅಂಗಡಿಯವ ತಲೆ ಎತ್ತಲಿಲ್ಲ, ನಗಲಿಲ್ಲ, ಎಲ್ಲಿಯವಳೆಂದು ಕೇಳಲಿಲ್ಲ,
ಸೀಸೆ ಒರೆಸಿ ಬೆಲೆ ಹೇಳಿದ.
ಯಾರೂ ಗಮನಿಸದ ಆ ಸುಖವನ್ನು ಯಾರಿಗೆ ಹೇಳಲಿ?
ಅಸಲೂ ಬಂತು, ಬಡ್ಡಿಯೂ ಬಂತು.

ಮೊಯ್ದೂಟ್ಟಿಗೆ ಹೇಳಿದೆ.
ನೂರು ಬೈಸಾದ ಕರಕ್ ಚಹಾ ಎತ್ತಿ ಹೊಯ್ಯುತ್ತ,
ಪರೋಟದೊಳಗೆ ಆಲೂಗಡ್ಡೆ ಚಿಪ್ಸು ಪುಡಿಮಾಡಿ ಸುತ್ತುತ್ತ
ಅವನೆಂದ: 'ಟೀಚರೇ, ನಿಮ್ಮದು ಗ್ರಂಥದ ಅರಬ್ಬಿ.
ಚೆಂದ ಇದೆ.
ಅದರಲ್ಲಿ ಪರೋಟ ಸಿಗುವುದಿಲ್ಲ.'
ಅವನ ಇಪ್ಪತ್ತೆರಡು ವರ್ಷದ ಅರಬ್ಬಿಯಲ್ಲಿ
ಒಂದು ಕ್ರಿಯಾಪದಕ್ಕೂ ಕಾಲವಿಲ್ಲ,
ಎಲ್ಲರೂ ಅವನ ಮಾತಿಗೇ ಕಾಯುತ್ತಾರೆ.

ಮನೆಯೊಡತಿ ಝುವೈನಾ ಮೊದಲ ದಿನ
ಮೃದುವಾಗಿ ಕೇಳಿದ್ದರು: 'ಗರೀಬಾ?'
ನಾನು ರೋಷದಿಂದ ಚೀಲ ಬಿಚ್ಚಿ
ವಿದ್ಯಾರ್ಥಿವೇತನದ ಕಾಗದ ತೋರಿಸಿದೆ.
ಹೊಸಬಳೇ, ಈ ಊರಿಗೆ ಪರಕೀಯಳೇ ಎಂದು ಕೇಳಿದ್ದಂತೆ ಅವರು.
ಈಗಲೂ ನೆಂಟರು ಬಂದರೆ ಆ ಕಾಗದದ ಕಥೆ,
ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗು.

ಇವತ್ತು ಗುರುವಾರ, ಓದಿಗೆ ಬಿಡುವು.
ಚಾಪೆಯ ಮೇಲೆ ಹಲ್ವಾ, ಖರ್ಜೂರ, ಒಂದು ಚಿಪ್ಪು ಬಾಳೆಹಣ್ಣು.
'ನಿಮ್ಮಲ್ಲಿ ಇದಕ್ಕೇನನ್ನುತ್ತಾರೆ?'
ಬಾಳೆ.
ಬಾಲೆ, ಎಂದರು ಝುವೈನಾ.
ನಾಲಗೆ ಮಡಚಿ ಅಂಗಳಕ್ಕೆ ತಾಗಿಸಿ ತೋರಿಸಿದೆ.
ಬಾರೆ. ಬಾದೆ.
ಎಪ್ಪತ್ತರ ಬಾಯಿ, ಮುಂದಿನ ಎರಡು ಹಲ್ಲಿಲ್ಲ,
ಳಕಾರ ಪ್ರತಿ ಸಲವೂ ಅಲ್ಲಿಂದ ಜಾರಿ ಓಡಿತು.
ಮೇಜು ಇರಲಿಲ್ಲ, ಚಾಪೆಯನ್ನೇ ಕುಟ್ಟಿ
'ತಕ್ರಾರ್!' ಎಂದೆ.

ನಗುವಿನ ನಡುವೆ
ಫಿಂಜಾನ ಅಲುಗಿಸಿ ಸಾಕೆನ್ನುವುದು ಮರೆತುಹೋಯಿತು,
ಏಲಕ್ಕಿಯ ಕಹಿ ಕಾಫಿ ನಾಲ್ಕನೆಯ ಸಲ ತುಂಬಿತು.
ಬೇಡ ಎನ್ನಲು ಮೂರು ಬಗೆ ಗೊತ್ತು ನನಗೆ,
ಮೂರಕ್ಕೂ ಪರೀಕ್ಷೆಯಲ್ಲಿ ಪೂರ್ತಿ ಅಂಕ.
ಹೇಳಲಿಲ್ಲ.