ಎಂಬತ್ತೊಂದನೇ ಪುಟ

ಶುಕ್ರವಾರ, ನಮಾಜು ಮುಗಿದು ರೂವಿಯ ಓಣಿಗೆ
ಮತ್ತೆ ಚಪ್ಪಲಿಯ ಸದ್ದು ಬಂದ ಮೇಲೆ
ಬೀರಾನ್ ಕುಟ್ಟಿ ಅರ್ಧ ಷಟರ್ ಎತ್ತುತ್ತಾನೆ.
ಬಗ್ಗಿ ಒಳಗೆ ಹೋಗಬೇಕು. ಹೋದರೆ
ಎಸಿಯ ನೀರು ತೊಟ್ಟಿಕ್ಕುವ ಬಕೆಟ್ಟು,
ಮೂರು ಗೋಡೆ ಮಲಯಾಳ, ಒಂದು ಮೂಲೆ ಇಂಗ್ಲಿಷು,
ನೆಲದ ಹತ್ತಿರ ಒಂದು ಮೊಳ ಕನ್ನಡ,
ಅಷ್ಟೂ ತಲೆಕೆಳಗು.
'ತೆಲುಗಾ?' ಎನ್ನುತ್ತಾನೆ ಪ್ರತಿಸಲ.
ಅಲ್ಲ ಎನ್ನುತ್ತೇನೆ ಪ್ರತಿಸಲ.
ಕುಕ್ಕರುಗಾಲಲ್ಲಿ ಕೂತು ಕುತ್ತಿಗೆ ಹೊರಳಿಸಿ ಓದುವುದು
ನನಗೆ ಹನ್ನೊಂದು ವರ್ಷದ ರೂಢಿ.

ಫೋನಿನೊಳಗಿನ ಅಂಗಡಿಯ ಮೇಲೆ ಸಿಟ್ಟಿಲ್ಲ.
ಮಗಳ ರಸಾಯನಶಾಸ್ತ್ರ ತಂದುಕೊಟ್ಟದ್ದು ಅದೇ,
ಪುಸ್ತಕದ ಆರು ಪಟ್ಟು ದೊಡ್ಡ ಪೆಟ್ಟಿಗೆಯಲ್ಲಿ.
ಗಡಿಯಾರದ ಸರ್ಕಲ್ ದಾಟಿ ಲಾಂಡ್ರಿಯ ಮೇಲಿನ ಮನೆ ಎಂದರೆ
ಯಾವ ಲಾಂಡ್ರಿ, ಎಂದು ನಾಲ್ಕು ಸಲ ಕರೆ ಮಾಡುತ್ತಾನೆ
ಬಿಕಾಶ್, ಪಾಪ.
ಇದು ನಿಮಗೆ ಇಷ್ಟವಾಗಬಹುದು, ಎನ್ನುತ್ತದೆ ಫೋನು.
ಆಗುತ್ತದೆ ಕೂಡ. ಅದೇ ಬೇಜಾರು.

ಇವತ್ತು ಸಿಕ್ಕಿದ್ದು ಮುಖಪುಟವಿಲ್ಲದ ಒಂದು ಕಾದಂಬರಿ.
ಬೆನ್ನಿಗೆ ಸೆಲೋಟೇಪು. ಅಂಟಿಸಿದ್ದು ನಾನೇ.
ಮೂರು ತಿಂಗಳು ಸಂಬಳವಾಗದ ಆ ವರ್ಷ
ಎರಡು ಚೀಲ ಪುಸ್ತಕ ತಂದು ಇಲ್ಲೇ ಸುರಿದಿದ್ದೆ;
ತೂಗದೆ, ಎಣಿಸದೆ, ಹದಿನೈದು ರಿಯಾಲು ಕೊಟ್ಟಿದ್ದ ಬೀರಾನ್.
ಈಗ ಇದರ ಬೆಲೆ ಐನೂರು ಬೈಸಾ.

ನೂರ ಹನ್ನೆರಡನೇ ಪುಟದ ಅಂಚಿನಲ್ಲಿ
ನನ್ನ ಪೆನ್ಸಿಲು, ಮೂವತ್ತರ ಸಿಟ್ಟು:
'ಇಷ್ಟು ದಿನ ಇವಳು ಯಾಕೆ ಬಾಯಿ ಬಿಡಲಿಲ್ಲ?'
ಅದರ ಕೆಳಗೆ ನೀಲಿ ಶಾಯಿ, ದುಂಡಗಿನ ಅಕ್ಷರ, ಯಾರದೋ:
'ಬಿಟ್ಟಿದ್ದಾಳೆ. ಎಂಬತ್ತೊಂದನೇ ಪುಟ ಮತ್ತೊಮ್ಮೆ ಓದಿ.'

ಅಲ್ಲೇ ಕೂತು ಓದಿದೆ.
ಎಂಬತ್ತೊಂದರಲ್ಲಿ ಅವಳು ಮಾಡುವುದು ಇಷ್ಟೇ:
ಗಂಡನ ಅಂಗಿಗೆ ಗುಂಡಿ ಹಾಕುತ್ತ
ಒಂದನ್ನು ಮಾತ್ರ ಬೇರೆ ಬಣ್ಣದ ದಾರದಲ್ಲಿ ಹೊಲಿಯುತ್ತಾಳೆ.
ನಾನು ಆಗ ಅದನ್ನು ದಾರವೆಂದೇ ಓದಿದ್ದೆ.

ಯಾರಿವರು, ಈ ಊರಿನಲ್ಲಿ,
ಬಹುವಚನ ಕೊಟ್ಟು ನನ್ನನ್ನು ಗದರಿಸಿದವರು?
ಆಸ್ಪತ್ರೆಯ ನರ್ಸೋ, ಕ್ರೇನಿನ ಮೇಲೆ ಕೂರುವವನೋ,
ವೀಸಾ ಮುಗಿಸಿ ಹೋದವರೋ.
'ಒಬ್ಬರು ಬರುತ್ತಿದ್ದರು,' ಎಂದ ಬೀರಾನ್.
'ಕೊಡೆ ಮರೆತು ಹೋಗಿದ್ದಾರೆ.'
ಬಾಗಿಲ ಮೂಲೆಯಲ್ಲಿ ಬಿಸಿಲಿಗೆ ಹಿಡಿಯುವ ಕೊಡೆ,
ಒಂದು ಕಡ್ಡಿ ಮುರಿದದ್ದು.

ಅವನ ಪೆನ್ನು ಕೇಳಿ ನೀಲಿಯ ಕೆಳಗೆ
'ಸರಿ, ಓದಿದೆ' ಎಂದು ಬರೆದೆ.
ಇನ್ನೂ ಏನೋ ಬರೆಯಬೇಕೆನಿಸಿತು. ಬರೆಯಲಿಲ್ಲ.
ಪುಸ್ತಕ ಇದ್ದಲ್ಲೇ ಇಟ್ಟೆ, ತಲೆಕೆಳಗಾಗಿಯೇ.
ಮೇಜಿನ ಮೇಲೆ ಐನೂರು ಬೈಸಾ.
'ಏನೂ ತಗೊಳ್ಳಲಿಲ್ಲ, ಇದು ಯಾವುದಕ್ಕೆ?'
ಕೊಡೆ ಅಲ್ಲೇ ಇರಲಿ, ಎಂದೆ.