ತೆಲೆಯೊರ್ಮಾನ್, ಎರಡು ಪ್ರತಿ

ಚಿಂಚ್‌ಪೋಕಳಿ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ
ನನ್ನ ಝೆರಾಕ್ಸ್ ಅಂಗಡಿ. ಇಬ್ಬರು ನಿಂತರೆ
ಮೂರನೆಯವ ಬೀದಿಯಲ್ಲಿ.
ರಾತ್ರಿ ಒಂಬತ್ತಕ್ಕೆ ಷಟರು ಅರ್ಧ ಇಳಿಸಿದ್ದೆ,
ಬಗ್ಗಿ ಒಳಬಂದ ಸಾಬಣ್ಣ, ಸುರಪುರದ ಕಡೆಯವ,
ಗಿಲಾವು ಮಾಡುವವ. ಹುಬ್ಬಿನಲ್ಲಿ ಸಿಮೆಂಟು ಹಾಗೇ ಇತ್ತು.
"ಎರಡು ಕಾಪಿ ತೆಗೀರಿ. ಆಮ್ಯಾಲ
ಊರು ಎಂಥಾದು ಅಂತ ಓದಿ ಹೇಳ್ರಿ."

ಏಜೆಂಟು ಕೊಟ್ಟ ಕರಾರು, ಒಂದೇ ಹಾಳೆ, ಎರಡು ವರ್ಷ.
ದೇಶ ರೊಮೇನಿಯಾ. ಜಿಲ್ಲೆ ತೆಲೆಯೊರ್ಮಾನ್.
ನನಗೂ ಹೊಸ ಹೆಸರು.
ಫೋನಿನಲ್ಲಿ ಹುಡುಕಿ, ಕನ್ನಡಕ ಹಣೆಗೇರಿಸಿ,
ಬಂದಷ್ಟು ಬಿಡಿಸಿ ಹೇಳುತ್ತ ಹೋದೆ:

ತೆಂಕಣ ಅಂಚಿಗೆ ಡ್ಯಾನ್ಯೂಬ್ ನದಿ,
ಆಚೆ ದಡ ಬೇರೆ ದೇಶ.
"ನಮ್ಮ ಕೃಷ್ಣಾದಷ್ಟು ಅಗಲೇನ್ರಿ?"
ಅಗಲ ಬರೆದಿಲ್ಲ. ಬರೆದವರಿಗೆ
ದಾಟುವ ಕೆಲಸವಿರಲಿಲ್ಲವೇನೋ.
ಗುಡ್ಡವಿಲ್ಲ, ನೆಲ ಅಂಗೈ.
ಗೋಧಿ, ಮೆಕ್ಕೆಜೋಳ, ಸೂರ್ಯಕಾಂತಿ.
ಅಲ್ಲಿಗೆ ಮುಖ ತುಸು ಸಡಿಲಾಯಿತು:
ಅದರ ಎಣ್ಣೆ ಗೊತ್ತು, ಅದರ ಗಿಳಿ ಓಡಿಸುವುದು ಗೊತ್ತು.
ಚಳಿಗಾಲಕ್ಕೆ ಹಿಮ. ಅದನ್ನು ಮೆಲ್ಲಗೆ ಓದಿದೆ.
"ಹಿಮದಾಗ ಸಿಮೆಂಟ್ ಹಿಡೀತದೇನ್ರಿ?"
ಭೂಗೋಳ ಬರೆಯುವವರಿಗೆ ಇಂಥವು ಹೊಳೆಯುವುದಿಲ್ಲ.

ಹೆಸರಿನ ಅರ್ಥ ಹುಚ್ಚು ಕಾಡು.
ಕುದುರೆ ಮೇಲೆ ಬಂದ ಯಾವ ಕಾಲದ ಜನವೋ
ದಾರಿ ತಪ್ಪಿ ಇಟ್ಟಿರಬೇಕು. ಕಾಡು ಹೋಯಿತು,
ಹುಚ್ಚು ಎಲ್ಲಿ ಹೋಯಿತೋ, ಹೆಸರು ಉಳಿಯಿತು.
ಸಾಬಣ್ಣ ನಗಲಿಲ್ಲ. ನಾನೇ ನಕ್ಕೆ:
ನಾನು ಕೂತದ್ದು ಹುಣಸೆಯ ಹೆಸರಿನ ಸ್ಟೇಷನ್ನಿನಲ್ಲಿ,
ಅವನು ಮಲಗುವುದು ಆಲದ ಹೆಸರಿನ ವಡಾಳದಲ್ಲಿ,
ಇಪ್ಪತ್ತಾರು ವರ್ಷದಲ್ಲಿ ಒಂದು ಹುಣಸೆ ಎಲೆ
ನನ್ನ ತಗಡಿನ ಮೇಲೆ ಬಿದ್ದಿಲ್ಲ.

ಆಮೇಲೆ ಜನಸಂಖ್ಯೆ.
ತೊಂಬತ್ತೆರಡರ ಎಣಿಕೆ, ನಾಲ್ಕು ಲಕ್ಷ ಎಂಬತ್ತೆರಡು ಸಾವಿರ.
ಮುಂದಿನದು ಕಮ್ಮಿ. ಅದರ ಮುಂದಿನದು ಇನ್ನೂ ಕಮ್ಮಿ.
ಕಡೆಯದು ಮೂರು ಲಕ್ಷ ಇಪ್ಪತ್ಮೂರು ಸಾವಿರ ಚಿಲ್ಲರೆ.
ಓದುತ್ತ ನನ್ನ ದನಿಯೂ ಇಳಿದಿತ್ತು.
"ಏನಾತ್ರಿ, ರೋಗ ಬಂತೇನು?"
ಇಲ್ಲಪ್ಪ. ವಯಸ್ಸಾದವರು ತೀರಿಕೊಂಡರು,
ಅಷ್ಟು ಕೂಸುಗಳು ಹುಟ್ಟಲಿಲ್ಲ,
ಹರೆಯದವರು ಗೋಡೆ ಕಟ್ಟಲು ಇಟಲಿಗೆ, ಸ್ಪೇನಿಗೆ ಹೋದರು.

ಲೋಕಲ್ಲು ಹಾದುಹೋಗಿ ಕಾಗದದ ಕಟ್ಟು ನಡುಗಿತು.
ಅದು ನಿಂತ ಮೇಲೆ ಅವನೆಂದ:
"ಅಂದ್ರ ಅವರ ಗ್ವಾಡಿ ಕಟ್ಟಲಾಕ ನಾವು.
ನಮ್ಮ ಊರಾಗ ಕಟ್ಟಲಾಕ
ಬಿಹಾರದಿಂದ ಬಂದಾರ."

ಚದರ ಕಿಲೋಮೀಟರಿಗೆ ಐವತ್ತಾರು ಮಂದಿ.
ಇದನ್ನು ಹೇಗೆ ಹೇಳಲಿ?
ಇಲ್ಲಿಂದ ಕರಿ ರೋಡಿನ ತನಕ ಉದ್ದ, ಅಷ್ಟೇ ಅಗಲ,
ಅದರಲ್ಲಿ ಐವತ್ತಾರು.
"ಮುಂಜಾನೆ ನಮ್ಮ ನಳಕ್ಕ
ಅರವತ್ತು ಕೊಡ ನಿಂತಿರ್ತಾವ್ರಿ!"
ಅಷ್ಟು ಜಾಗದಲ್ಲಿ ಆಗಲೇ ನಿಂತವನಂತೆ
ಕೈ ಅಗಲಿಸಿದ. ಮೊಣಕೈ ತಗಡಿಗೆ ತಾಗಿ
ಮಡಚಿಕೊಂಡ.

ಹೊರಡುವಾಗ ಷಟರಿನಡಿ ಬಗ್ಗಿದವ ಹಾಗೇ ನಿಂತು,
"ಅಲ್ರೀ, ನಾ ಹೋದ ಮ್ಯಾಲ ಎಣಸ್ತಾರೇನ್ರಿ?
ಊರಾಗ ಎಣಸಲಾಕ ಬಂದಾಗ ಬೊಂಬಾಯಿದಾಗಿದ್ದೆ.
ಬೊಂಬಾಯಿದಾಗ ಬಂದಾಗ ಸೈಟಿನ ಮ್ಯಾಲಿದ್ದೆ,
ಹನ್ನೆರಡನೇ ಮಜಲಿ."
ಗೊತ್ತಿಲ್ಲ ಎಂದೆ. ಎಣಿಸಿದರೆ
ಇಳಿಯುತ್ತ ಬಂದ ಆ ಸಾಲಿನ ಕೊನೆಗೆ ನೀನು ಒಂದು.
ನಾಲ್ಕು ರೂಪಾಯಿ ಇಟ್ಟು ಹೋದ.

ಮರುದಿನ ಮಧ್ಯಾಹ್ನದ ತನಕ ನಾನು ನೋಡಲೇ ಇಲ್ಲ.
ಗಾಜಿನ ಮೇಲೆ ಅವನ ಹೆಬ್ಬೆರಳ ಸಿಮೆಂಟು.
ಅಷ್ಟರಲ್ಲಿ ಯಾರದೋ ರೇಷನ್ ಕಾರ್ಡು,
ಯಾರದೋ ಹತ್ತನೇ ಇಯತ್ತೆಯ ಅಂಕಪಟ್ಟಿ,
ಲಾಲ್‌ಬಾಗಿನ ಒಬ್ಬಳ ಮದುವೆ ನೋಂದಣಿ,
ನೂರಹತ್ತು ಹಾಳೆ ಹೊರಗೆ ಹೋಗಿದ್ದವು,
ಎಲ್ಲದರ ಬಲಮೂಲೆಯಲ್ಲೂ
ಒಂದು ಮಬ್ಬು ಚುಕ್ಕೆ.